ಬಾದಾಮಿ ಕೇಕ್ ಮಾಡುವ ಬಗೆ, ಜೊತೆಗೆ ‘ಹದ ನೋಡಿ ಇಳಿಸಿ’ ಅಂದ್ರೆ ಏನು ಅನ್ನೋ ಕಥೆ

ನಮ್ಮಮ್ಮನ ಅಡುಗೆ ಪುಸ್ತಕ ಅಂದರೆ ಒಂದು ಹಳೇ ಡೈರಿ. ಅದರಲ್ಲಿ ಬಾದಾಮಿ ಬರ್ಫಿಗೆ ಹೀಗೆ ಬರೆದಿದ್ದಾರೆ: ‘ಬಾದಾಮಿ ದೊಡ್ಡ ಲೋಟದಲ್ಲಿ 1, ಸಕ್ಕರೆ ಅದೇ ಲೋಟದಲ್ಲಿ ಒಂದೂಕಾಲು, ಹದ ನೋಡಿ ಇಳಿಸುವುದು.’ ಅಷ್ಟೇ. ಆ ದೊಡ್ಡ ಲೋಟ ಮನೆ ಬದಲಾಯಿಸುವಾಗ ಎಲ್ಲೋ ಹೋಯಿತು. ಆದರೆ ಅದರಿಂದ ನನಗೆ ತೊಂದರೆ ಆಗಲಿಲ್ಲ. ‘ಅದೇ ಲೋಟದಲ್ಲಿ’ ಅಂತ ಬರೆದಿದ್ದಾರೆ ನೋಡಿ, ಲೋಟ ಯಾವುದಾದರೇನು, ಲೆಕ್ಕ ಸರಿಹೋಗುತ್ತದೆ. ನನಗೆ ಕೈಕೊಟ್ಟಿದ್ದು ‘ಹದ ನೋಡಿ’ ಅನ್ನುವ ಎರಡೇ ಪದ. ಮೊದಲ ಸಲ ಬರ್ಫಿ ಕಲ್ಲಾಯಿತು, ಎರಡನೇ ಸಲ ಪಾಯಸ ಆಯಿತು.

ಇಲ್ಲಿ ಹೇಳಿಕೊಡುವ ಕೇಕ್ ಕೂಡ ಅದೇ ಜಾತಿಯದು. ಬಾದಾಮಿ, ಸಕ್ಕರೆ, ಮೊಟ್ಟೆ, ಮೂರೂ ಒಂದೇ ತೂಕ. ಮೈದಾ ಇಲ್ಲ, ಬೇಕಿಂಗ್ ಪೌಡರ್ ಇಲ್ಲ, ಬೆಣ್ಣೆ ಬೇಕಾಗುವುದು ಟಿನ್ನಿಗೆ ಸವರಲು ಮಾತ್ರ. ಲೆಕ್ಕ ಇಷ್ಟು ಸುಲಭ ಇರುವುದರಿಂದ ಉಳಿದದ್ದೆಲ್ಲ ಹದದ ಮೇಲೆ ನಿಂತಿದೆ. ಅದಕ್ಕೇ ಈ ಬರಹ ಉದ್ದ. ಹದವನ್ನು ಕಾಗದದ ಮೇಲೆ ಇಳಿಸುವುದಕ್ಕೆ ಜನ ಸಾವಿರಾರು ವರ್ಷ ಒದ್ದಾಡಿದ್ದಾರೆ, ಆ ಕಥೆಯನ್ನೂ ದಾರಿಯಲ್ಲಿ ಹೇಳುತ್ತೇನೆ. ಬರೀ ಕೇಕ್ ಸಾಕು ಅನ್ನುವವರು ಹಂತಗಳನ್ನಷ್ಟೇ ಓದಿಕೊಳ್ಳಿ, ಬೇಜಾರಿಲ್ಲ.

ಇದು ಎಲ್ಲಿಯ ಕೇಕ್

ಸ್ಪೇನಿನ ವಾಯವ್ಯ ಮೂಲೆಯಲ್ಲಿ ಗಲೀಸಿಯಾ ಅಂತ ಪ್ರಾಂತ್ಯ ಇದೆ. ಅಲ್ಲಿಯ ಸಾಂತಿಯಾಗೊ ದೆ ಕೊಂಪೊಸ್ತೆಲಾ ಯಾತ್ರಾಸ್ಥಳ. ಯುರೋಪಿನ ಮೂಲೆಮೂಲೆಯಿಂದ ಜನ ಇವತ್ತಿಗೂ ನಡೆದುಕೊಂಡು ಹೋಗುತ್ತಾರೆ, ನಮ್ಮಲ್ಲಿ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವ ಹಾಗೆ. ಆ ಊರಿನ ಕೇಕೇ ತಾರ್ತಾ ದೆ ಸಾಂತಿಯಾಗೊ. ತಮಾಷೆ ಏನೆಂದರೆ ಬಾದಾಮಿ ಒಣಹವೆಯ ಬೆಳೆ, ಈ ಊರು ನೋಡಿದರೆ ಮಳೆಗೆ ಹೆಸರುವಾಸಿ. ಅಂದರೆ ಬಾದಾಮಿ ದೂರದಿಂದ ಬರಬೇಕಿತ್ತು. ಸಕ್ಕರೆಯೂ ಆಗ ದುಬಾರಿ. ಹಾಗಾಗಿ ಇದು ಬಡವರ ಮನೆಯ ತಿಂಡಿಯಾಗಿರಲಿಲ್ಲ.

1577ರಲ್ಲಿ ಪೆಡ್ರೊ ದೆ ಪೋರ್ತೊಕರೆರೊ ಎಂಬಾತ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಭೇಟಿ ಕೊಟ್ಟಾಗಿನ ದಾಖಲೆಯಲ್ಲಿ ‘ತೋರ್ತಾ ರೆಯಾಲ್’ ಅನ್ನುವ ಹೆಸರು ಸಿಗುತ್ತದೆ. ರಾಜ ಕೇಕು ಅಂತ ಇಟ್ಟುಕೊಳ್ಳಿ. ಇದೇ ನಮ್ಮ ಕೇಕಿನ ಹಿರಿಯ ಅಂತ ಹೇಳುತ್ತಾರೆ. ಮಾಡುವ ವಿಧಾನ ಬರಹದಲ್ಲಿ ಕಾಣಿಸುವುದು ಬಹಳ ತಡವಾಗಿ, 1838ರ ಸುಮಾರಿಗೆ, ಲೂಯಿಸ್ ಬಾರ್ತೊಲೊಮೆ ದೆ ಲೆಯ್ಬಾ ಬರೆದಿಟ್ಟ ಮಿಠಾಯಿ ನೋಟ್‌ಬುಕ್‌ನಲ್ಲಿ. ನೋಡಿ, ಅಚ್ಚಾದ ಪುಸ್ತಕ ಅಲ್ಲ, ನೋಟ್‌ಬುಕ್. ನಮ್ಮಮ್ಮನ ಡೈರಿಯ ದಾಯಾದಿ. ಕೇಕಿನ ಮೇಲೆ ಸಕ್ಕರೆ ಪುಡಿಯಲ್ಲಿ ಸಂತ ಯಾಕೋಬನ ಶಿಲುಬೆ ಮೂಡಿಸುವ ಪದ್ಧತಿ ಇನ್ನೂ ಹೊಸದು. 1924ರಲ್ಲಿ ಆ ಊರಿನ ಕಾಸಾ ಮೋರಾ ಎಂಬ ಅಂಗಡಿ ಶುರು ಮಾಡಿದ್ದು. ನಮ್ಮ ಧಾರವಾಡ ಪೇಡಾಕ್ಕೆ ಜಿಐ ಟ್ಯಾಗ್ ಇದೆಯಲ್ಲ, ಅಂಥದ್ದೇ ಒಂದು ಮುದ್ರೆಯನ್ನು ಐರೋಪ್ಯ ಒಕ್ಕೂಟ ಈ ಕೇಕಿಗೆ 2010ರಲ್ಲಿ ಕೊಟ್ಟಿತು. ಆ ನಿಯಮದ ಪ್ರಕಾರ ಬಾದಾಮಿ ಕನಿಷ್ಠ 33% ಇರಲೇಬೇಕು. ಮೈದಾ ಬೆರೆಸಿ ಆ ಹೆಸರಲ್ಲಿ ಮಾರುವಂತಿಲ್ಲ.

ಬೇಕಾಗುವ ಸಾಮಾನು

20 ಸೆಂಟಿಮೀಟರ್, ಅಂದರೆ 8 ಇಂಚಿನ ದುಂಡನೆ ಟಿನ್ನಿಗೆ:

ಬಾದಾಮಿ 200 ಗ್ರಾಂ
ಸಕ್ಕರೆ 200 ಗ್ರಾಂ
ಮೊಟ್ಟೆ 4
ಒಂದು ಹಣ್ಣಾದ ನಿಂಬೆಯ ಸಿಪ್ಪೆಯ ತುರಿ
ಚಕ್ಕೆ ಪುಡಿ ಅರ್ಧ ಟೀ ಚಮಚ
ಉಪ್ಪು ಒಂದು ಚಿಟಿಕೆ
ಸವರಲು ಬೆಣ್ಣೆ, ಮೇಲೆ ಉದುರಿಸಲು ಒಂದು ದೊಡ್ಡ ಚಮಚ ಐಸಿಂಗ್ ಶುಗರ್

ಹೀಗೆ ಸಾಮಾನೆಲ್ಲ ಮೇಲೆ ಪಟ್ಟಿ ಮಾಡಿ, ಕೆಳಗೆ ವಿಧಾನ ಬರೆಯುವುದು ಎಂದಿನಿಂದಲೂ ಇದ್ದ ಕ್ರಮ ಅಂದುಕೊಂಡಿದ್ದೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಈ ಪಟ್ಟಿಗೆ ಇನ್ನೂ ಇನ್ನೂರು ವರ್ಷವೂ ಆಗಿಲ್ಲ. 1845ರಲ್ಲಿ ಇಂಗ್ಲೆಂಡಿನ ಎಲೈಜಾ ಆಕ್ಟನ್ ತನ್ನ ಪುಸ್ತಕದಲ್ಲಿ ಪ್ರತಿ ಅಡುಗೆಗೂ ಸಾಮಾನು ಎಷ್ಟು, ಬೇಯಲು ಹೊತ್ತು ಎಷ್ಟು ಅಂತ ಬೇರೆಯಾಗಿ ಬರೆದಳು. ಅದೂ ಕೊನೆಯಲ್ಲಿ, ವಿಧಾನ ಎಲ್ಲ ಮುಗಿದ ಮೇಲೆ. 1861ರಲ್ಲಿ ಇಸಬೆಲ್ಲಾ ಬೀಟನ್ ಅದನ್ನು ಎತ್ತಿ ಮೇಲಕ್ಕೆ ಇಟ್ಟಳು. ಹೆಸರು ಬಂದಿದ್ದು ಬೀಟನ್‌ಗೆ. ನನ್ನನ್ನು ಕೇಳಿದರೆ ಕಷ್ಟದ ಕೆಲಸ ಮಾಡಿದವಳು ಆಕ್ಟನ್.

ಹಂತ 1: ಮೊದಲು ಮೊಟ್ಟೆ ತೂಗಿ

ಹೌದು, ಮೊಟ್ಟೆಯನ್ನೇ. ನಮ್ಮಲ್ಲಿ ಸಿಗುವ ಮೊಟ್ಟೆ ಸಿಪ್ಪೆ ತೆಗೆದ ಮೇಲೆ 45ರಿಂದ 50 ಗ್ರಾಂ ಬರುತ್ತದೆ. ನಾಟಿ ಕೋಳಿ ಮೊಟ್ಟೆ ಇನ್ನೂ ಸಣ್ಣದು. ಹಾಗಾಗಿ ತಕ್ಕಡಿ ಮೇಲೆ ಬೋಗುಣಿ ಇಟ್ಟು, ನಾಲ್ಕು ಮೊಟ್ಟೆ ಒಡೆದು ಹಾಕಿ ನೋಡಿ. 185 ಗ್ರಾಂ ಬಂದರೆ ಬಾದಾಮಿ 185, ಸಕ್ಕರೆ 185. ಇದೇ ‘ಅದೇ ಲೋಟದಲ್ಲಿ’ ಅನ್ನುವ ಉಪಾಯ. ಸಿಹಿ ಜಾಸ್ತಿ ಅನ್ನಿಸಿದರೆ 200ರ ಜಾಗದಲ್ಲಿ ಸಕ್ಕರೆ 160 ಹಾಕಬಹುದು, ಅದಕ್ಕಿಂತ ಕೆಳಗೆ ಇಳಿಯಬೇಡಿ. ಸಕ್ಕರೆ ಬರೀ ಸಿಹಿಗಲ್ಲ, ಮೊಟ್ಟೆಯ ನೊರೆ ನಿಲ್ಲಿಸುವುದೂ ಅದೇ, ಕೇಕ್ ಒಣಗದ ಹಾಗೆ ಕಾಯುವುದೂ ಅದೇ.

ತಕ್ಕಡಿ ಇಲ್ಲದವರು ಕಪ್ಪಿನಲ್ಲಿ ಅಳೆಯಬಹುದೇ? ಈ ಕೇಕಿಗೆ ಬೇಡ ಅನ್ನುತ್ತೇನೆ. ಬಾದಾಮಿ ಪುಡಿಯನ್ನು ಕಪ್ಪಿಗೆ ಸುಮ್ನೆ ಸುರಿದರೆ ಒಂದು ತೂಕ, ಒತ್ತಿ ತುಂಬಿದರೆ ಇನ್ನೊಂದು. ಇದೇ ತಲೆನೋವಿಗೆ 1896ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಫ್ಯಾನಿ ಫಾರ್ಮರ್ ಒಂದು ಮದ್ದು ಕಂಡುಕೊಂಡಳು. ಕಪ್ಪು, ಚಮಚ ಯಾವುದೇ ಇರಲಿ, ಚಾಕುವಿನಿಂದ ಮೇಲೆ ಗೀಚಿ ಸಮ ಮಾಡಿ ಅಳೆಯಿರಿ ಅಂದಳು. ಅಲ್ಲಿಯವರೆಗೆ ‘ತುಂಬಿದ ಚಮಚ’, ‘ಆಕ್ರೋಟಿನ ಗಾತ್ರದ ಬೆಣ್ಣೆ’ ಅಂತೆಲ್ಲ ನಡೆಯುತ್ತಿತ್ತು. ನಮ್ಮ ‘ನಿಂಬೆಹಣ್ಣಿನ ಗಾತ್ರದ ಹುಣಿಸೆ’ ಇಂದಿಗೂ ಆರಾಮಾಗಿ ಬದುಕಿದೆ ಬಿಡಿ, ಸಾರಿಗೆ ಅದು ಸಾಕು ಕೂಡ. ಕೇಕಿಗೆ ಸಾಲದು.

ಅಳತೆಯೇ ಇಲ್ಲದ ಕಾಲ

ಸ್ವಲ್ಪ ಹಿಂದಕ್ಕೆ ಹೋಗೋಣ. ನಮಗೆ ಸಿಕ್ಕಿರುವ ಬಹಳ ಹಳೆಯ ಅಡುಗೆ ಬರಹ ಮೆಸೊಪೊಟೇಮಿಯಾದ್ದು, ಅಂದರೆ ಇವತ್ತಿನ ಇರಾಕ್. ಕ್ರಿಸ್ತಪೂರ್ವ 1700ರ ಆಸುಪಾಸಿನ ಮಣ್ಣಿನ ಹಲಗೆಗಳು, ಅಕ್ಕಾಡಿಯನ್ ಭಾಷೆ. ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿವೆ. ಫ್ರಾನ್ಸಿನ ವಿದ್ವಾಂಸ ಜಾನ್ ಬೊತ್ತೆರೊ ಅವನ್ನು ಓದಿ ಬಿಡಿಸಿದರು. ಒಂದೇ ಹಲಗೆಯಲ್ಲಿ 25 ಅಡುಗೆಗಳಿವೆ, ಬಹುಪಾಲು ಮಾಂಸದ ಸಾರುಗಳು. ನೀರು ಇಡು, ಕೊಬ್ಬು ಹಾಕು, ಈರುಳ್ಳಿ ಬೆಳ್ಳುಳ್ಳಿ ಜಜ್ಜಿ ಹಾಕು. ಎಷ್ಟು? ಹೇಳಿಲ್ಲ. ಎಷ್ಟು ಹೊತ್ತು? ಅದೂ ಇಲ್ಲ.

ರೋಮನ್ನರ ಹತ್ತಿರ ಅಪೀಸಿಯಸ್ ಹೆಸರಲ್ಲಿ ಒಂದು ಅಡುಗೆ ಸಂಗ್ರಹ ಉಳಿದಿದೆ. ಅದರಲ್ಲಿ ಒಂದು ತಿಂಡಿ ನೋಡಿ: ಪೈನ್ ಬೀಜ, ಒಡೆದ ಆಕ್ರೋಟು ಹುರಿದು, ಜೇನು ಮತ್ತು ಕಾಳುಮೆಣಸಿನ ಜೊತೆ ಅರೆದು, ಹಾಲು, ಮೊಟ್ಟೆ, ಸ್ವಲ್ಪ ವೈನು, ಎಣ್ಣೆ ಸೇರಿಸಿ ಬೇಯಿಸಿ ತಟ್ಟೆಗೆ ಮಗುಚುವುದು. ಬೀಜ, ಸಿಹಿ, ಮೊಟ್ಟೆ, ನಮ್ಮ ಕೇಕಿನ ಹತ್ತಿರದ ನೆಂಟನೇ ಆಯಿತಲ್ವಾ? ಒಂದೇ ಒಂದು ವ್ಯತ್ಯಾಸ, ಅವರು ಅದಕ್ಕೆ ಮೀನು ಕೊಳೆಸಿ ಮಾಡಿದ ಉಪ್ಪುಸಾರವನ್ನೂ ಸುರಿಯುತ್ತಿದ್ದರು. ಇಲ್ಲೂ ಅಳತೆ ಇಲ್ಲ. 1390ರ ಸುಮಾರಿಗೆ ಇಂಗ್ಲೆಂಡಿನ ಎರಡನೇ ರಿಚರ್ಡ್ ದೊರೆಯ ಅಡುಗೆಯವರು ಬರೆಸಿದ ‘ಫಾರ್ಮ್ ಆಫ್ ಕ್ಯೂರಿ’ಯಲ್ಲೂ ಅದೇ ಕಥೆ.

ನಮ್ಮಲ್ಲಿ? 1025ರ ಸುಮಾರಿಗೆ ಎರಡನೇ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಜ್ಯೋತಿಷ್ಯ, ವಾಸ್ತು, ಬಾವಿಗೆ ನೀರು ಹುಡುಕುವುದು, ಔಷಧ, ಇವುಗಳ ನಡುವೆ ಅಡುಗೆಗೂ ಒಂದು ಅಧ್ಯಾಯ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿ, ಇಂಗು, ಜೀರಿಗೆ, ಕೊತ್ತಂಬರಿ, ಮೆಣಸು ಸೇರಿಸಿ ಇಡ್ಲಿ ಮಾಡುವುದನ್ನು ಹೇಳಿದ್ದಾನೆ. ಅಕ್ಕಿಯ ಸುದ್ದಿಯೇ ಇಲ್ಲ. ಅದಾದ ನೂರು ವರ್ಷಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ಬಂತು, ಅದು ಸಂಸ್ಕೃತದಲ್ಲಿ. 16ನೇ ಶತಮಾನದ ಶುರುವಿನಲ್ಲಿ ಮೂರನೇ ಮಂಗರಸ ಪೂರ್ತಿ ಅಡುಗೆಗೇ ಮೀಸಲಾದ ‘ಸೂಪಶಾಸ್ತ್ರ’ ಬರೆದ, ಅದೂ ವಾರ್ಧಕ ಷಟ್ಪದಿಯಲ್ಲಿ. ಬದನೆಕಾಯಿ ಪಲ್ಯ ಮಾಡುವುದನ್ನು ಷಟ್ಪದಿಯಲ್ಲಿ ಹೇಳುವುದು ಅಂದರೆ ಸುಮ್ನೆ ಅಲ್ಲ. ಪದ್ಯ ಅಂದರೆ ಬಾಯಿಪಾಠ ಮಾಡಬಹುದು, ಓಲೆಗರಿ ಎದುರಿಗೆ ಇಟ್ಟುಕೊಳ್ಳದೆ ಒಲೆ ಮುಂದೆ ನಿಲ್ಲಬಹುದು.

ಇವರೆಲ್ಲ ಅಳತೆ ಬರೆಯದೇ ಇದ್ದದ್ದು ಗೊತ್ತಿಲ್ಲದೆ ಅಲ್ಲ. ಓದುವವನಿಗೆ ಅಡುಗೆ ಗೊತ್ತು ಅಂತಲೇ ಬರೆದಿದ್ದು. ಪಕ್ಕದಲ್ಲಿ ಕಲಿಸುವವರಿದ್ದಾಗ ಬರಹ ಬರೀ ನೆನಪೋಲೆ. ಅಮ್ಮ ಡೈರಿ ಬರೆದದ್ದೂ ನನಗಲ್ಲ, ತನಗೇ.

ಹಂತ 2: ಬಾದಾಮಿ ಪುಡಿ

ಕೇಕ್ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಹಾಗಾಗಿ ನಿಧಾನವಾಗಿ ಓದಿ.

ಸಿಪ್ಪೆ ತೆಗೆಯಬೇಕಾ? ತೆಗೆದರೆ ಬಣ್ಣ ಹಳದಿ, ರುಚಿ ಮೃದು. ತೆಗೆಯದಿದ್ದರೆ ಕಂದು ಬಣ್ಣ, ಸ್ವಲ್ಪ ಒಗರು. ನಾನು ಅರ್ಧ ತೆಗೆದು ಅರ್ಧ ಬಿಡುತ್ತೇನೆ, ಸೋಮಾರಿತನ ಅಂತಾದರೂ ಕರೆಯಿರಿ. ತೆಗೆಯುವುದಾದರೆ ಕುದಿಯುವ ನೀರಿಗೆ ಬಾದಾಮಿ ಹಾಕಿ ಒಂದು ನಿಮಿಷ ಬಿಟ್ಟು ಬಸಿದು, ತಣ್ಣೀರು ಸುರಿದು, ಬೆರಳಲ್ಲಿ ಹಿಸುಕಿದರೆ ಪುಸಕ್ ಅಂತ ಆಚೆ ಬರುತ್ತದೆ. ರಾತ್ರಿಯೆಲ್ಲ ನೆನೆಸಬೇಡಿ, ಬಾದಾಮಿ ಹಾಲಿಗೆ ಅದು ಸರಿ, ಇಲ್ಲಿಗೆ ಅಲ್ಲ. ಆಮೇಲೆ ಬಟ್ಟೆ ಮೇಲೆ ಹರಡಿ ಫ್ಯಾನ್ ಕೆಳಗೆ ಮೂರು ನಾಲ್ಕು ಗಂಟೆ ಒಣಗಿಸಿ. ಅವಸರ ಇದ್ದರೆ 100 ಡಿಗ್ರಿ ಓವನ್‌ನಲ್ಲಿ ಕಾಲು ಗಂಟೆ ಇಟ್ಟು ಪೂರ್ತಿ ಆರಿಸಿ.

ನಾನು ಮೊದಲ ಸಲ ಒಣಗಿಸಲೇ ಇಲ್ಲ. ಒದ್ದೆ ಬಾದಾಮಿಯನ್ನು ಬಿಸಿಬಿಸಿಯಾಗಿ ಮಿಕ್ಸಿಗೆ ಹಾಕಿ ಗುರ್ರ್ ಅಂತ ತಿರುಗಿಸಿದೆ. ಪುಡಿ ಆಗುವ ಬದಲು ಚಟ್ನಿ ಆಯಿತು. ಕೇಕ್ ಅಂತ ಬಂದಿದ್ದು ತಳದಲ್ಲಿ ಎಣ್ಣೆ ಬಿಟ್ಟ ಹಲ್ವ. ಚಮಚದಲ್ಲಿ ತಿಂದು ಮುಗಿಸಿದೆವು, ಹಾಳು ಮಾಡಲಿಲ್ಲ.

ಹಾಗಾಗದಿರಲು ಮೂರು ಕೆಲಸ. ಒಣ ಬಾದಾಮಿಯನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ತೂಗಿಟ್ಟ ಸಕ್ಕರೆಯಲ್ಲಿ ಎರಡು ದೊಡ್ಡ ಚಮಚ ತೆಗೆದು ಬಾದಾಮಿ ಜೊತೆಗೇ ಮಿಕ್ಸಿಗೆ ಹಾಕಿ, ಬಿಟ್ಟ ಎಣ್ಣೆಯನ್ನು ಸಕ್ಕರೆ ಹಿಡಿದುಕೊಳ್ಳುತ್ತದೆ. ಮಿಕ್ಸಿಯನ್ನು ಒಂದೇ ಸಮ ಓಡಿಸದೆ ಎರಡು ಸೆಕೆಂಡ್ ಹಾಕಿ ನಿಲ್ಲಿಸಿ, ಮತ್ತೆ ಹಾಕಿ ನಿಲ್ಲಿಸಿ. ಸಣ್ಣ ರವೆ ಥರ ತರಿ ಇದ್ದರೆ ಸಾಕು. ಹೋಳಿಗೆ ಹೂರಣದ ಹಾಗೆ ನುಣ್ಣಗೆ ಬೇಡ. ದೊಡ್ಡ ತುಂಡು ಉಳಿದಿದ್ದರೆ ರವೆ ಜರಡಿಯಲ್ಲಿ ಹಾಯಿಸಿ ಮತ್ತೊಂದು ಸುತ್ತು ತಿರುಗಿಸಿ.

ಹಂತ 3: ಟಿನ್ನು, ಓವನ್ನು

ಮೊಟ್ಟೆ ಕಡೆಯುವ ಮೊದಲೇ ಇವೆರಡೂ ಸಿದ್ಧ ಇರಬೇಕು. ನೊರೆ ನಿಮಗಾಗಿ ಕಾಯುವುದಿಲ್ಲ. ಟಿನ್ನಿಗೆ ಬೆಣ್ಣೆ ಸವರಿ ತಳಕ್ಕೆ ದುಂಡಗೆ ಕತ್ತರಿಸಿದ ಬೇಕಿಂಗ್ ಪೇಪರ್ ಹಾಕಿ. ಅಂಗಡಿಯಲ್ಲಿ ಬಟರ್ ಪೇಪರ್ ಅಂತ ಕೇಳಿದರೆ ಕೆಲವೊಮ್ಮೆ ಸ್ಯಾಂಡ್‌ವಿಚ್ ಸುತ್ತುವ ತೆಳು ಕಾಗದ ಕೊಡುತ್ತಾರೆ. ಅದು ಬಿಸಿ ತಡೆಯುವುದಿಲ್ಲ, ಕೇಕಿಗೆ ಅಂಟಿಕೊಳ್ಳುತ್ತದೆ. ಓವನ್ನಿಗೆ ಹಾಕಬಹುದು ಅಂತ ಡಬ್ಬಿ ಮೇಲೆ ಬರೆದಿರುವುದನ್ನೇ ತನ್ನಿ.

ಓಟಿಜಿಯನ್ನು (ಮನೆಬಳಕೆಯ ಸಣ್ಣ ಕರೆಂಟ್ ಓವನ್) 170 ಡಿಗ್ರಿಗೆ ಇಟ್ಟು, ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ 15 ನಿಮಿಷ ಕಾಯಿಸಿ. ಅದರ ಮುಳ್ಳನ್ನು ಪೂರ್ತಿ ನಂಬಬೇಡಿ. ನನ್ನದು 170 ಅಂದರೆ ಒಳಗೆ 190 ಇರುತ್ತಿತ್ತು, ಓವನ್ ಥರ್ಮಾಮೀಟರ್ ತಂದಿಟ್ಟ ಮೇಲೆ ಗೊತ್ತಾಯಿತು. ಅಲ್ಲಿಯವರೆಗೆ ಎಲ್ಲ ಕೇಕುಗಳಿಗೂ ನನ್ನ ಕೈಗುಣವನ್ನೇ ಬೈದುಕೊಂಡಿದ್ದೆ.

ಓವನ್ನಿನ ಬಿಸಿಯನ್ನು ಅಂಕಿಯಲ್ಲಿ ಹೇಳುವುದು ಅಂತೂ ತೀರಾ ಇತ್ತೀಚಿನದು. ಹಿಂದೆ ಕೈಯನ್ನು ಒಳಗೆ ಹಿಡಿದು ಎಷ್ಟು ಹೊತ್ತು ತಡೆಯಬಹುದು ಅಂತ ನೋಡುತ್ತಿದ್ದರು, ಇಲ್ಲವೇ ಹಿಟ್ಟು ಉದುರಿಸಿ ಎಷ್ಟು ಬೇಗ ಕಂದಾಗುತ್ತದೆ ಅಂತ ನೋಡುತ್ತಿದ್ದರು. ಹೊತ್ತಿಗೂ ಗಡಿಯಾರ ಇಲ್ಲ. ಯುರೋಪಿನ ಹಳೆಯ ಬರಹಗಳಲ್ಲಿ ‘ಒಂದು ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು’ ಅಂತ ಬರುತ್ತದೆ. ಬ್ರಿಟನ್ನಿನ ಗ್ಯಾಸ್ ಓವನ್‌ಗಳಿಗೆ ಬಿಸಿ ಹತೋಟಿಯ ಗುಂಡಿ ಬಂದಿದ್ದು 1923ರಲ್ಲಿ. ಆಮೇಲೆಯೇ ‘ಇಷ್ಟು ಡಿಗ್ರಿ, ಇಷ್ಟು ನಿಮಿಷ’ ಅಂತ ಧೈರ್ಯವಾಗಿ ಬರೆಯಲು ಆಗಿದ್ದು.

ಓವನ್ ಇಲ್ಲದವರು ಮಂಗರಸನ ಕಡೆ ತಿರುಗಿ. ‘ಸೂಪಶಾಸ್ತ್ರ’ದಲ್ಲಿ ಮುಚ್ಚಳ ರೊಟ್ಟಿ ಅಂತ ಒಂದು ಬರುತ್ತದೆ. ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ, ನಡುವೆ ರೊಟ್ಟಿ. ಅದು ಓವನ್ ಅಲ್ಲದೆ ಇನ್ನೇನು? ನಾವು ಗ್ಯಾಸ್ ಒಲೆ ಮೇಲೆ ಮಾಡುವಾಗ ಬರೀ ಕೆಳಗಿನ ಬಿಸಿ ಸಿಗುತ್ತದೆ, ಅದಕ್ಕೇ ಕೇಕಿನ ಮೇಲ್ಭಾಗ ಬಿಳಚಿಕೊಂಡಿರುತ್ತದೆ. ರುಚಿಗೇನೂ ಮೋಸ ಇಲ್ಲ. ದಪ್ಪ ತಳದ ಹಳೇ ಪಾತ್ರೆಗೆ ಎರಡು ಕಪ್ ಕಲ್ಲುಪ್ಪು ಹರಡಿ, ಮಧ್ಯೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ. ಟಿನ್ ಇಟ್ಟ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ, 45ರಿಂದ 55 ನಿಮಿಷ. ಮುಚ್ಚಳದ ಹಬೆ ನೀರು ಕೇಕಿನ ಮೇಲೆ ತೊಟ್ಟಿಕ್ಕದಂತೆ ಮುಚ್ಚಳಕ್ಕೆ ಒಂದು ಬಟ್ಟೆ ಕಟ್ಟಿ, ಅದರ ತುದಿಗಳನ್ನು ಮೇಲಕ್ಕೆ ಎತ್ತಿ ಗಂಟು ಹಾಕಿ, ಇಲ್ಲದಿದ್ದರೆ ಬೆಂಕಿ ತಗಲುತ್ತದೆ.

ಹಂತ 4: ಕಡೆಯುವುದು, ಕಲಸುವುದು

ಮೊಟ್ಟೆ ಫ್ರಿಜ್‌ನಿಂದ ತೆಗೆದು ಕಮ್ಮಿ ಅಂದರೂ ಒಂದು ಗಂಟೆ ಆಗಿರಬೇಕು. ತಣ್ಣಗಿದ್ದರೆ ನೊರೆ ಏಳಲು ಸತಾಯಿಸುತ್ತದೆ. ಮೊಟ್ಟೆಗೆ ಉಳಿದ ಸಕ್ಕರೆ, ಉಪ್ಪು ಹಾಕಿ ಎಲೆಕ್ಟ್ರಿಕ್ ಬೀಟರ್‌ನಲ್ಲಿ 6ರಿಂದ 8 ನಿಮಿಷ ಕಡೆಯಿರಿ. ಹಳದಿ ಹೋಗಿ ಕೆನೆ ಬಣ್ಣ ಬರುತ್ತದೆ, ಗಾತ್ರ ಎರಡು ಮೂರು ಪಟ್ಟು ಆಗುತ್ತದೆ. ಹದ ಹೀಗೆ: ಬೀಟರ್ ಎತ್ತಿದರೆ ಮಿಶ್ರಣ ಎಳೆಯಾಗಿ ಬಿದ್ದು, ಬಿದ್ದ ಗೆರೆ ಮೂರು ನಾಲ್ಕು ಸೆಕೆಂಡ್ ಮೇಲೆಯೇ ಕಂಡು ಆಮೇಲೆ ಕರಗಬೇಕು. ಬಿದ್ದ ತಕ್ಷಣ ಮಾಯವಾದರೆ ಇನ್ನೂ ಕಡೆಯಿರಿ.

ಕೈಯಲ್ಲಿ ಕಡೆಯುವವರಿಗೆ 15 ನಿಮಿಷವಾದರೂ ಬೇಕು, ತೋಳು ಬಿದ್ದುಹೋಗುತ್ತದೆ. ಸಮಾಧಾನಕ್ಕೆ ಒಂದು ಮಾತು. 1747ರಲ್ಲಿ ಇಂಗ್ಲೆಂಡಿನ ಹ್ಯಾನಾ ಗ್ಲಾಸ್ ಬರೆದ ಪೌಂಡ್ ಕೇಕ್ ವಿಧಾನದಲ್ಲಿ ಹಿಟ್ಟನ್ನು ಒಂದು ಗಂಟೆ ಹೊತ್ತು ಕೈಯಿಂದ ಇಲ್ಲವೇ ಮರದ ಚಮಚದಿಂದ ಚೆನ್ನಾಗಿ ಬಡಿಯಿರಿ ಅಂತಿದೆ. ಒಂದು ಗಂಟೆ! ಆ ಕಾಲದ ಕೇಕ್ ಉಬ್ಬುತ್ತಿದ್ದದ್ದು ಹೆಚ್ಚಾಗಿ ಇಂಥ ತೋಳಬಲದಿಂದ, ಇಲ್ಲವೇ ಯೀಸ್ಟಿನಿಂದ. ಪರ್ಲ್‌ಆ್ಯಶ್ ಎಂಬ ಒಂದು ಕ್ಷಾರ ಹಾಕಿ ಉಬ್ಬಿಸುವುದು ಅಡುಗೆ ಪುಸ್ತಕದಲ್ಲಿ ಅಚ್ಚಾಗಿದ್ದು 1796ರಲ್ಲಿ, ಅಮೆರಿಕದ ಅಮೇಲಿಯಾ ಸಿಮನ್ಸ್ ಪುಸ್ತಕದಲ್ಲಿ. 1843ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಬೇಕಿಂಗ್ ಪೌಡರ್ ಮಾಡಿದ. ಹೆಂಡತಿಗೆ ಯೀಸ್ಟ್ ಆಗಿಬರುತ್ತಿರಲಿಲ್ಲ, ಅದಕ್ಕೆ. ನಮ್ಮ ಕೇಕ್ ಇವೆರಡಕ್ಕಿಂತ ಹಳೆಯದು, ಅದಕ್ಕೇ ಅದಕ್ಕೆ ಪೌಡರ್ ಬೇಡ.

ಈಗ ನಿಂಬೆ ಸಿಪ್ಪೆ. ಹಳದಿ ಭಾಗ ಮಾತ್ರ ತುರಿಯಿರಿ, ಕೆಳಗಿನ ಬಿಳಿ ಭಾಗ ಬಂದರೆ ಕಹಿ. ನಮ್ಮ ನಿಂಬೆಯ ಸಿಪ್ಪೆ ತೆಳು, ಕೈ ಹಗುರ ಇರಲಿ. ಇದನ್ನು ಬಿಡಬೇಡಿ, ಮೊಟ್ಟೆ ವಾಸನೆ ಹೊಡೆಯದಿರಲು ಇದೇ ಕಾರಣ. ಕಿತ್ತಳೆ ಸಿಕ್ಕರೆ ಅದರ ಸಿಪ್ಪೆಯೂ ಚೆನ್ನ.

ಬಾದಾಮಿ ಪುಡಿ, ಚಕ್ಕೆ ಪುಡಿ, ತುರಿ ಎಲ್ಲ ಬೆರೆಸಿಟ್ಟುಕೊಂಡು, ಮೂರು ಸಲವಾಗಿ ನೊರೆಗೆ ಸೇರಿಸಿ. ಬೀಟರ್ ಮುಟ್ಟಲೇಬೇಡಿ. ಚಿತ್ರಾನ್ನ ಕಲಸುವಾಗ ಅನ್ನ ಮುರಿಯದ ಹಾಗೆ ಅಡಿಯಿಂದ ಎತ್ತಿ ಮೇಲೆ ಹಾಕುತ್ತೇವಲ್ಲ, ಥೇಟ್ ಹಾಗೇ. ಒಣ ಪುಡಿ ಕಾಣದಂತಾದ ಕೂಡಲೇ ನಿಲ್ಲಿಸಿ. ನೊರೆ ಸ್ವಲ್ಪ ಇಳಿಯುತ್ತದೆ, ಹೆದರಬೇಡಿ, ಇದು ಹತ್ತಿಯಂಥ ಕೇಕ್ ಅಲ್ಲ.

ಹಂತ 5: ಬೇಯಿಸುವುದು

ಟಿನ್ನಿಗೆ ಸುರಿದು ಮಧ್ಯದ ರ‍್ಯಾಕ್‌ನಲ್ಲಿ 35ರಿಂದ 40 ನಿಮಿಷ. ಮೊದಲ 25 ನಿಮಿಷ ಬಾಗಿಲು ತೆಗೆಯಬೇಡಿ, ಎಷ್ಟೇ ಘಮ್ ಅಂದರೂ. ಮೇಲೆ ಬೇಗ ಕಪ್ಪಾಗುತ್ತಿದ್ದರೆ ಆಮೇಲೆ ಒಂದು ಫಾಯಿಲ್ ಹಾಳೆ ಮುಚ್ಚಿ.

ಆಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಮೇಲೆ ಹೊಂಬಣ್ಣ, ಅಂಚು ಟಿನ್ನಿನಿಂದ ಕೂದಲೆಳೆಯಷ್ಟು ಬಿಟ್ಟಿರುತ್ತದೆ, ನಡುವೆ ಬೆರಳಲ್ಲಿ ಒತ್ತಿದರೆ ಮೆತ್ತಗೆ ಮೇಲೆದ್ದು ಬರುತ್ತದೆ. ಕಡ್ಡಿ ಚುಚ್ಚಿದರೆ ಒಂದೆರಡು ಒದ್ದೆ ಪುಡಿ ಅಂಟಬಹುದು, ಹಿಟ್ಟು ಅಂಟಬಾರದು. ಪೂರ್ತಿ ಒಣ ಕಡ್ಡಿ ಬರುವವರೆಗೆ ಕಾದರೆ ಕೇಕ್ ಒಣಗಿತು ಅಂತಲೇ ಲೆಕ್ಕ. ನಡುವೆ ಚೂರು ಕುಸಿದರೆ ಅದು ಈ ಕೇಕಿನ ಸ್ವಭಾವ. ತುಂಬಾ ಗುಂಡಿ ಬಿದ್ದರೆ ಮಾತ್ರ ಬೇಗ ತೆಗೆದಿದ್ದೀರಿ ಅಂತ.

ಕಾಲು ಗಂಟೆ ಟಿನ್ನಿನಲ್ಲೇ ಬಿಟ್ಟು, ಅಂಚಿಗೆ ಚಾಕು ಆಡಿಸಿ, ತಟ್ಟೆಗೆ ಮಗುಚಿ ಪೇಪರ್ ಕಿತ್ತು ಮತ್ತೆ ನೆಟ್ಟಗೆ ಮಾಡಿ. ಪೂರ್ತಿ ಆರಿದ ಮೇಲೆಯೇ ಐಸಿಂಗ್ ಶುಗರ್ ಉದುರಿಸಿ, ಬಿಸಿ ಇದ್ದರೆ ಕರಗಿ ಅಂಟಂಟಾಗುತ್ತದೆ. ಸಾಂತಿಯಾಗೊದಲ್ಲಿ ಕಾಗದದ ಶಿಲುಬೆ ಇಟ್ಟು ಪುಡಿ ಉದುರಿಸಿ ಕಾಗದ ಎತ್ತುತ್ತಾರೆ. ನಾನು ಮನೆಯಲ್ಲಿದ್ದ ರಂಗೋಲಿ ಅಚ್ಚು ತೊಳೆದು ಬಳಸುತ್ತೇನೆ, ತಾವರೆ ಬಹಳ ಚೆಂದ ಬರುತ್ತದೆ. ಮಾರನೇ ದಿನ ರುಚಿ ಹೆಚ್ಚು. ಮುಚ್ಚಿದ ಡಬ್ಬಿಯಲ್ಲಿ ಮೂರು ದಿನ ಇರುತ್ತದೆ, ಮಂಗಳೂರು ಕಡೆಯ ಸೆಖೆಗಾದರೆ ಫ್ರಿಜ್ಜೇ ಸರಿ.

ಬೇರೆ ಬೀಜ, ಮೊಟ್ಟೆ ಬೇಡದವರು

ಗೋಡಂಬಿ ಹಾಕಬಹುದು. ಹೇಗಿದ್ದರೂ ಪುಡಿ ಮಾಡುವುದು, ಅಗ್ಗದ ತುಂಡು ಗೋಡಂಬಿಯೇ ಸಾಕು. ಅದು ಬಾದಾಮಿಗಿಂತ ಮೆತ್ತಗೆ, ಬೇಗ ಅಂಟಾಗುತ್ತದೆ, ಮಿಕ್ಸಿ ಇನ್ನೂ ಹುಷಾರು. ಆಕ್ರೋಟಿನಲ್ಲಿ ಎಣ್ಣೆ ಜಾಸ್ತಿ, ಸ್ವಲ್ಪ ಕಹಿ, ಚಕ್ಕೆ ಒಂದು ಚಮಚಕ್ಕೆ ಏರಿಸಿ. ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಊದಿ ಹಾಕಿದರೆ ಚಿಕ್ಕಿಯ ನೆನಪಾಗುವ ಕೇಕ್ ಬರುತ್ತದೆ, ನಮ್ಮನೆ ಮಕ್ಕಳಿಗೆ ಅದೇ ಇಷ್ಟ. ಎಲ್ಲದಕ್ಕೂ ತೂಕ ಅದೇ.

ಮೊಟ್ಟೆ ಇಲ್ಲದೆ ಈ ಕೇಕ್ ಆಗುವುದಿಲ್ಲ, ಸುಳ್ಳು ಹೇಳುವುದಿಲ್ಲ. ಹಿಡಿದಿಡಲು ಮೈದಾ ಇಲ್ಲ, ಇರುವುದೆಲ್ಲ ಮೊಟ್ಟೆಯೇ. ಬೇರೆ ಒಂದು ಬಾದಾಮಿ ಕೇಕ್ ಮಾಡಿಕೊಳ್ಳಿ: ಮೈದಾ 140 ಗ್ರಾಂ, ಬಾದಾಮಿ ಪುಡಿ 80, ಸಕ್ಕರೆ 150, ಮೊಸರು 240, ಎಣ್ಣೆ 100 ಮಿ.ಲೀ., ಬೇಕಿಂಗ್ ಪೌಡರ್ 1 ಟೀ ಚಮಚ, ಅಡುಗೆ ಸೋಡಾ ಅರ್ಧ. ಮೊಸರಿಗೆ ಸಕ್ಕರೆ ಕರಗಿಸಿ, ಎಣ್ಣೆ ಬೆರೆಸಿ, ಒಣ ಸಾಮಾನೆಲ್ಲ ಜರಡಿ ಹಿಡಿದು ಸೇರಿಸಿ ಕೂಡಲೇ ಓವನ್ನಿಗೆ. ಬಿಸಿ, ಹೊತ್ತು ಅವೇ. ಇಲ್ಲಿ ಮಾತ್ರ ಕಡ್ಡಿ ಒಣಗಿ ಬರಬೇಕು.

ಹಂತ 6: ಬರೆದಿಡಿ

ಇದನ್ನು ಹಂತ ಅಂತ ಯಾರೂ ಲೆಕ್ಕ ಹಾಕುವುದಿಲ್ಲ, ನಾನು ಹಾಕುತ್ತೇನೆ. ಕೇಕ್ ತಿನ್ನುತ್ತಾ ಇರುವಾಗಲೇ ಬರೆಯಿರಿ, ಮಾರನೇ ದಿನಕ್ಕೆ ಅರ್ಧ ಮರೆತಿರುತ್ತದೆ. ತೂಕ ಬರೆಯಿರಿ, ಟಿನ್ನಿನ ಅಳತೆ ಬರೆಯಿರಿ. ನಿಮಿಷದ ಪಕ್ಕದಲ್ಲೇ ಕಣ್ಣಿಗೆ, ಕೈಗೆ ಕಂಡ ಗುರುತೂ ಇರಲಿ, ಯಾಕೆಂದರೆ ಓದುವವರ ಓವನ್ ನಿಮ್ಮದಲ್ಲ. ಏನು ಕೆಟ್ಟಿತು ಅನ್ನುವುದನ್ನು ನಾಚಿಕೆಯಿಲ್ಲದೆ ಬರೆಯಿರಿ. ನನ್ನ ಪುಸ್ತಕದಲ್ಲಿ ಈ ಕೇಕ್ ಹೀಗಿದೆ:

‘ಬಾದಾಮಿ ಕೇಕ್. ಮೊಟ್ಟೆ 4 = 188 ಗ್ರಾಂ. ಬಾದಾಮಿ ಅಷ್ಟೇ, ಸಕ್ಕರೆ 160. 8 ಇಂಚು ಟಿನ್. ಮುಳ್ಳು 150ಕ್ಕೆ (ಒಳಗೆ 170). 37 ನಿಮಿಷ, ಅಂಚು ಬಿಟ್ಟಿತ್ತು, ನಡು ಮೆತ್ತಗೆ. ಎಡಗಡೆ ಹಿಂದಿನ ಮೂಲೆ ಜಾಸ್ತಿ ಬಿಸಿ, 25ನೇ ನಿಮಿಷಕ್ಕೆ ತಿರುಗಿಸಿ ಇಡುವುದು. ಅಮ್ಮ ಎರಡು ತುಂಡು ತಿಂದು, ಏಲಕ್ಕಿ ಹಾಕಬೇಕಿತ್ತು ಅಂದರು. ಎಷ್ಟು ಅಂತ ಕೇಳಿದ್ದಕ್ಕೆ, ನೋಡಿಕೊಂಡು ಹಾಕು ಅಂದರು.’